ಪತ್ತನಾಜೆಗೆ ಮೊದಲು ಪೋನಿಯ ಮೇವು: ಕರಾವಳಿಯಲ್ಲಿ ಒಣಹುಲ್ಲು ಕೂಡಿಡುವ ಕ್ರಮ

ಕುದುರೆ ಸಾಕಣೆಯ ಬಗ್ಗೆ ಓದಲು ಸಿಗುವ ಬರಹಗಳಲ್ಲಿ ಹೆಚ್ಚಿನವು ಶೀತದೇಶಗಳವು, ಮತ್ತು ಅವುಗಳ ಮಟ್ಟಿಗೆ ಮೇವಿನ ಅಭಾವವೆಂದರೆ ಚಳಿಗಾಲದ ಅಭಾವ. ನೆಲದ ಉಷ್ಣತೆ 5–6 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಅಲ್ಲಿಯ ಹುಲ್ಲು ಬೆಳೆಯುವುದನ್ನೇ ನಿಲ್ಲಿಸುವುದರಿಂದ, ಬೇಸಗೆಯಲ್ಲಿ ಕೊಯ್ದು ಒಣಗಿಸಿದ್ದನ್ನು ಚಳಿ ಮುಗಿಯುವವರೆಗೆ ಇಟ್ಟುಕೊಂಡು ಹಾಕುತ್ತಾರೆ. ಉಡುಪಿಯಲ್ಲಿಯೋ ಮಂಗಳೂರಿನಲ್ಲಿಯೋ ಒಂದೆರಡು ಪೋನಿ, ಅಂದರೆ ತಟ್ಟು ಕುದುರೆ, ಸಾಕುವವರು ಈ ಪಂಚಾಂಗವನ್ನು ಹಾಗೆಯೇ ತಂದುಕೊಂಡರೆ ಕೆಡುತ್ತಾರೆ. ನಮ್ಮಲ್ಲಿ ಚಳಿಗಾಲವು ಮೇವು ಕೂಡಿಡುವ ಕಾಲ, ಕೂಡಿಟ್ಟದ್ದು ಖರ್ಚಾಗುವುದು ಮಳೆಗಾಲದಲ್ಲಿ. ವರ್ಷಕ್ಕೆ ಸುಮಾರು 3,500ರಿಂದ 4,000 ಮಿಲಿಮೀಟರ್ ಮಳೆ ಬೀಳುವ, ಅದರಲ್ಲಿಯೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ನೊಳಗೆ ಸುರಿದು ಮುಗಿಯುವ ಈ ನೆಲದಲ್ಲಿ ಆಗ ಹಸಿಹುಲ್ಲಿಗೆ ಬರವಿಲ್ಲ. ಬರ ಇರುವುದು ಒಣಗಿದ್ದಕ್ಕೆ. ಆದ್ದರಿಂದ ಇಲ್ಲಿಯ ಲೆಕ್ಕಾಚಾರದಲ್ಲಿ ಎಷ್ಟು ಕಿಲೋ ಎಂಬ ಪ್ರಶ್ನೆ ಒಂದು ಪಾಲಾದರೆ, ಆ ಕಿಲೋಗಳನ್ನು ಆಟಿ ತಿಂಗಳವರೆಗೆ, ಅಂದರೆ ಜುಲೈ–ಆಗಸ್ಟ್‌ವರೆಗೆ, ಬೂಸ್ಟು ಹಿಡಿಯದಂತೆ ಕಾಯುವುದು ಹೇಗೆ ಎಂಬುದು ಮೂರು ಪಾಲು.

ಸುತ್ತಲೂ ಸೊಂಟದೆತ್ತರ ಹುಲ್ಲು ನಿಂತಿರುವಾಗ ಒಣಹುಲ್ಲೇ ಏಕೆ ಬೇಕು ಎಂದು ದನ ಸಾಕುವವರು ಕೇಳುವುದುಂಟು. ದನಕ್ಕೆ ನಾಲ್ಕು ಕೋಣೆಯ ಹೊಟ್ಟೆಯಿದೆ. ಸಿಕ್ಕಿದ್ದನ್ನು ತುಂಬಿಕೊಂಡು ಆಮೇಲೆ ನಿಧಾನವಾಗಿ ಮೆಲುಕು ಹಾಕುತ್ತದೆ. ಕುದುರೆಯ ಜಾತಿಗೆ ಆ ಅನುಕೂಲವಿಲ್ಲ. ಅದರ ಜಠರ ಮೈಗೆ ಹೋಲಿಸಿದರೆ ಬಹಳ ಸಣ್ಣದು, ಅದರಲ್ಲಿ ಆಮ್ಲ ಹಗಲೂ ರಾತ್ರಿ ಒಸರುತ್ತಲೇ ಇರುತ್ತದೆ, ಆ ಆಮ್ಲವನ್ನು ತಣಿಸುವ ಜೊಲ್ಲು ಮಾತ್ರ ಜಗಿಯುವಾಗಷ್ಟೇ ಬರುತ್ತದೆ. ನಾರು ಹುದುಗಿ ಶಕ್ತಿಯಾಗುವುದು ಕೊನೆಯ ದೊಡ್ಡ ಕರುಳಿನಲ್ಲಿ. ಕೆಟ್ಟದ್ದನ್ನು ತಿಂದರೆ ವಾಂತಿ ಮಾಡಿ ಹೊರಹಾಕುವ ಶಕ್ತಿಯೂ ಅದಕ್ಕಿಲ್ಲ. ಹೀಗಾಗಿ ಜಗಿಯಲು ನಾರಿರುವ ಮೇವು 4ರಿಂದ 6 ಗಂಟೆಗಿಂತ ಹೆಚ್ಚು ಹೊತ್ತು ತಪ್ಪಬಾರದು. ಜುಲೈ ತಿಂಗಳ ಎಳೆಹುಲ್ಲಿನಲ್ಲಿ ನೂರಕ್ಕೆ 80–85 ಪಾಲು ನೀರೇ ಇರುವುದರಿಂದ, ಕೇವಲ ಅದರಿಂದಲೇ ಒಂದು ಪೋನಿಯ ಹೊಟ್ಟೆ ತುಂಬಿಸಬೇಕಾದರೆ ದಿನಕ್ಕೆ 24 ಕಿಲೋದಷ್ಟು ಕೊಯ್ದು ತರಬೇಕಾಗುತ್ತದೆ. ಸುರಿಯುವ ಮಳೆಯಲ್ಲಿ ಅದನ್ನು ಕೊಯ್ಯುವವರು ಸಿಕ್ಕರೂ, ಲದ್ದಿ ತೆಳ್ಳಗಾಗಿ ಪ್ರಾಣಿ ಸೊರಗುತ್ತದೆ.

ಎಷ್ಟು ಬೇಕು

ಮೊದಲು ಪೋನಿಯ ತೂಕ ತಿಳಿಯಬೇಕು. ತಕ್ಕಡಿಯ ಅಗತ್ಯವಿಲ್ಲ, ದರ್ಜಿಯ ಟೇಪು ಸಾಕು. 150 ಸೆಂಟಿಮೀಟರಿನ ಆ ಟೇಪು ಸಣ್ಣ ಪೋನಿಯ ಎದೆಗೆ ಕಷ್ಟದಿಂದ ಸುತ್ತು ಬರುತ್ತದೆ, ಸಾಲದಿದ್ದರೆ ಸೆಣಬಿನ ದಾರದಿಂದ ಅಳೆದು ದಾರವನ್ನು ಟೇಪಿನ ಮೇಲೆ ಇಡಬಹುದು. ಮುಂಗಾಲುಗಳ ಹಿಂದೆ, ಹೆಗಲಿನ ಮೇಲಿಂದ ಹಾದುಬರುವಂತೆ ಎದೆಯ ಸುತ್ತಳತೆ ತೆಗೆದುಕೊಳ್ಳಿ. ಆಮೇಲೆ ಭುಜದ ಮುಂತುದಿಯಿಂದ ಪೃಷ್ಠದ ಹಿಂತುದಿಯವರೆಗೆ ಉದ್ದ ಅಳೆಯಿರಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 11,900ರಿಂದ ಭಾಗಿಸಿದರೆ ಕಿಲೋಗಳಲ್ಲಿ ತೂಕ ಸಿಗುತ್ತದೆ. ನನ್ನ ಹಟ್ಟಿಯಲ್ಲಿರುವ ಎರಡರಲ್ಲಿ ದೊಡ್ಡದರ ಸುತ್ತಳತೆ 140, ಉದ್ದ 130. ಲೆಕ್ಕ ಹಾಕಿದರೆ 214 ಕಿಲೋ.

ಕೆಲಸ ಕಡಿಮೆಯಿರುವ, ಮೈ ಸರಿಯಿರುವ ಪೋನಿಗೆ ದಿನಕ್ಕೆ ತನ್ನ ತೂಕದ ನೂರಕ್ಕೆ 2 ಪಾಲು ಒಣ ಅಂಶ ಬೇಕು. ದಪ್ಪಗಾದದ್ದಕ್ಕೆ ಇಳಿಸಬೇಕಾದರೂ 1.5ಕ್ಕಿಂತ ಕೆಳಗೆ ಹೋಗಬಾರದು. 214 ಕಿಲೋದ ಪೋನಿಗೆ ಇದು 4.3 ಕಿಲೋ. ಚೆನ್ನಾಗಿ ಒಣಗಿದ ಹುಲ್ಲಿನಲ್ಲಿಯೂ ನೂರಕ್ಕೆ 12ರಷ್ಟು ತೇವ ಉಳಿದಿರುತ್ತದಾದ್ದರಿಂದ, ಪೂರ್ತಿ ಒಣಮೇವಿನ ದಿನ ಸುಮಾರು 5 ಕಿಲೋ ಹಾಕಬೇಕಾಗುತ್ತದೆ. ಮಳೆಗಾಲದ ಸಾಮಾನ್ಯ ದಿನಗಳಲ್ಲಿ 7 ಕಿಲೋ ಹಸಿಹುಲ್ಲು ಸೇರಿಸಿಕೊಂಡರೆ ಒಣಹುಲ್ಲು 3.5 ಕಿಲೋ ಸಾಕಾಗುತ್ತದೆ. ಪತ್ತನಾಜೆಯ ಹೊತ್ತಾದ ಮೇ 25ರಿಂದ ದೀಪಾವಳಿಯ ಆಸುಪಾಸಿನವರೆಗೆ 150 ದಿನ ಹಿಡಿದರೆ 525 ಕಿಲೋ. ತುಳಿದು, ಒದ್ದೆಯಾಗಿ, ಇಲಿಯ ಪಾಲಾಗಿ ಹಾಳಾಗುವುದಕ್ಕೆ ನೂರಕ್ಕೆ 15ರಂತೆ 80 ಕಿಲೋ. ಹೊರಗೆ ಕಾಲಿಡಲಾಗದ ಗಾಳಿಮಳೆಯ 20 ದಿನಗಳಲ್ಲಿ ಒಣಹುಲ್ಲನ್ನೇ ಹೆಚ್ಚಿಸಬೇಕಾದ್ದರಿಂದ ಇನ್ನೊಂದು 30 ಕಿಲೋ. ಒಟ್ಟು 635 ಕಿಲೋ, ಅಂದರೆ ಪೋನಿಯೊಂದಕ್ಕೆ ಆರೂವರೆ ಕ್ವಿಂಟಲ್‌ಗೆ ಸ್ವಲ್ಪ ಕಡಿಮೆ.

ಈ ಲೆಕ್ಕ ಕೆಡುವುದು ಗುಣಾಕಾರದಲ್ಲಿ ಅಲ್ಲ, ಸೂಡಿ, ಅಂದರೆ ಹುಲ್ಲಿನ ಕಟ್ಟು, ಎಣಿಸುವಲ್ಲಿ. ಬೈಹುಲ್ಲಿನ, ಅಂದರೆ ಭತ್ತದ ಹುಲ್ಲಿನ, ಸೂಡಿಯಾಗಲಿ ಯಂತ್ರ ಸುತ್ತಿದ ಉರುಳೆಯಾಗಲಿ ಒಂದೊಂದು ಕಡೆ ಒಂದೊಂದು ತೂಕವಿರುತ್ತದೆ. ನೂರು ಸೂಡಿ ಎಂದು ಬೆಲೆ ಮಾಡಿ ತಂದವರು ಆಗಸ್ಟ್ ತಿಂಗಳಲ್ಲಿ ಖಾಲಿ ಕೋಣೆ ನೋಡಿಕೊಂಡು ಕುಳಿತದ್ದನ್ನು ಕಂಡಿದ್ದೇನೆ. ಯಾವುದಾದರೂ ಐದನ್ನು ಕಣ್ಣುಮುಚ್ಚಿ ಆರಿಸಿ, ಕೊಕ್ಕೆಯ ತಕ್ಕಡಿಗೆ ನೇತುಹಾಕಿ, ಸರಾಸರಿ ತೆಗೆದು, ಆಮೇಲೆ ಕಿಲೋ ಲೆಕ್ಕದಲ್ಲಿ ಮಾತಾಡುವುದು ಇಬ್ಬರಿಗೂ ಒಳ್ಳೆಯದು.

ಯಾವ ಹುಲ್ಲು, ಯಾವ ತಿಂಗಳು

ನಮ್ಮ ಕಡೆ ಕೂಡಿಡುವ ಕೆಲಸ ಒಮ್ಮೆಗೇ ಮುಗಿಯುವುದಿಲ್ಲ; ಅದು ನವರಾತ್ರಿ ಕಳೆದು ಶುರುವಾಗಿ ವಿಷುವಿನವರೆಗೆ ಕಂತುಕಂತಾಗಿ ನಡೆಯುತ್ತದೆ. ನನ್ನ 635 ಕಿಲೋದಲ್ಲಿ 320 ಕಿಲೋ ನಾನೇ ಒಣಗಿಸಿದ ಹುಲ್ಲು, 130 ಕಿಲೋ ಬೈಹುಲ್ಲು, 100 ಕಿಲೋ ರಾಗಿ ಹುಲ್ಲು, 85 ಕಿಲೋ ನೆಲಗಡಲೆ ಅಥವಾ ಉದ್ದಿನ ಬಳ್ಳಿ. ಇದು ಎಲ್ಲರಿಗೂ ಒಪ್ಪುವ ಪ್ರಮಾಣವೆಂದು ಹೇಳಲಾರೆ, ಆದರೆ ಬೈಹುಲ್ಲು ಮತ್ತು ರಾಗಿ ಹುಲ್ಲು ಎರಡೂ ಸೇರಿ ಒಟ್ಟಿನ ಮೂರನೆಯ ಒಂದು ಪಾಲನ್ನು ಹೆಚ್ಚು ಮೀರಬಾರದೆಂಬುದರಲ್ಲಿ ನನಗೆ ಸಂಶಯವಿಲ್ಲ.

ಮೊದಲ ಕಂತು ಅಕ್ಟೋಬರ್ ಕೊನೆಯಿಂದ ಡಿಸೆಂಬರ್‌ವರೆಗಿನದು. ಮಳೆ ಬಿಟ್ಟು ಬಿಸಿಲು ಗಟ್ಟಿಯಾಗುವ, ಆದರೆ ಹುಲ್ಲು ಇನ್ನೂ ಪೂರ್ತಿ ಬಲಿಯದ ಆ ಐದಾರು ವಾರಗಳಲ್ಲಿ ಗದ್ದೆಯ ಹುಣಿ, ತೆಂಗಿನ ತೋಟದ ಅಡಿ, ಖಾಲಿ ಹಿತ್ತಲುಗಳಲ್ಲಿ ಬೆಳೆದ ಗರಿಕೆ ಮತ್ತು ಇತರ ಸಣ್ಣ ಎಲೆಯ ಹುಲ್ಲುಗಳನ್ನು ಕೊಯ್ಯಬೇಕು. ಗಣಪತಿಗೆ ಏರಿಸುವ ಈ ಗರಿಕೆಯನ್ನೇ ಹೊರದೇಶಗಳಲ್ಲಿ ಕುದುರೆಗಳಿಗೆಂದು ಹೊಲಗಟ್ಟಲೆ ಬೆಳೆದು ಒಣಗಿಸುತ್ತಾರೆ. ತೆಳ್ಳನೆಯ ಕಾಂಡದ ಈ ಹುಲ್ಲು ಒಂದೆರಡು ಬಿಸಿಲಿಗೇ ಒಣಗುತ್ತದೆ. ನೂರು ಕಿಲೋ ಹಸಿ ಕೊಯ್ದರೆ ಒಣಗಿದ ಮೇಲೆ ಉಳಿಯುವುದು 22–23 ಕಿಲೋ ಮಾತ್ರವಾದ್ದರಿಂದ, 320 ಕಿಲೋ ಒಣಹುಲ್ಲಿಗೆ 14 ಕ್ವಿಂಟಲ್ ಹಸಿ ಕೊಯ್ಯಬೇಕೆಂಬುದನ್ನು ಮೊದಲೇ ಲೆಕ್ಕಕ್ಕಿಡಬೇಕು. ಪದವುಗಳಲ್ಲಿ ಬೆಳೆಯುವ ಮುಳಿಹುಲ್ಲನ್ನು ಹೂಬಿಡುವ ಹಂತದಲ್ಲಿ ಕೊಯ್ದರೆ ತಕ್ಕಮಟ್ಟಿಗೆ ಒಳ್ಳೆಯದೇ. ಬೀಜ ಬಲಿತು ಚುಚ್ಚುವಷ್ಟಾದ ಮೇಲೆ ಅದು ಬಾಯಿ, ವಸಡು ಗಾಯಮಾಡುವ ವಸ್ತು, ಹಾಸಿಗೆಗೆ ಬಳಸಬಹುದು. ಗುಡ್ಡದ ಹುಲ್ಲು ತಂದಾಗ ಲಂಟಾನದ ಎಲೆ ಬೆರೆತಿದೆಯೇ ಎಂದು ಕೆದಕಿ ನೋಡಲೇಬೇಕು. ಅದು ಯಕೃತ್ತನ್ನು ಕೆಡಿಸುತ್ತದೆ.

ಎರಡನೆಯ ಕಂತು ಬೈಹುಲ್ಲು. ಇದರಲ್ಲಿ ಏಣೆಲಿನದೋ ಸುಗ್ಗಿಯದೋ ಎಂಬುದೇ ಮುಖ್ಯ. ಏಣೆಲು ಕೊಯ್ಲು ಅಕ್ಟೋಬರ್–ನವೆಂಬರಿನಲ್ಲಿ ಬರುವುದರಿಂದ ಹಿಂಗಾರಿನ ಒಂದು ಮಳೆ ಕೊಯ್ದ ಪೈರಿನ ಮೇಲೆ ಬೀಳದೆ ಹೋಗುವ ವರ್ಷ ಕಡಿಮೆ. ಕಟಾವು ಯಂತ್ರ ಗದ್ದೆಯಲ್ಲಿ ಬಿಟ್ಟುಹೋದ ಹುಲ್ಲು ಎರಡು ದಿನ ಕೆಸರಿನ ಮೇಲೆ ಮಲಗಿದರೆ ಅಡಿಭಾಗ ಕಪ್ಪಾಗುತ್ತದೆ, ಅದನ್ನೂ ಸೇರಿಸಿಯೇ ಉರುಳೆ ಸುತ್ತುತ್ತಾರೆ. ದನ ಅದನ್ನು ಆರಿಸಿ ತಿಂದು ಉಳಿದದ್ದನ್ನು ಬಿಡುತ್ತದೆ, ಪೋನಿಗೆ ಅಷ್ಟೂ ಸಹಿಸದು. ಜನವರಿ–ಫೆಬ್ರವರಿಯ ಸುಗ್ಗಿ ಬೆಳೆಯ ಹುಲ್ಲು ಮಳೆ ಕಾಣದೆ ಒಣಗಿರುತ್ತದೆ. ಹೊನ್ನಿನ ಬಣ್ಣ, ತಾಜಾ ವಾಸನೆ. ಬೆಲೆ ಎರಡು ರೂಪಾಯಿ ಹೆಚ್ಚಾದರೂ ಇದನ್ನೇ ಕೊಳ್ಳಿ. ಆದರೂ ಬೈಹುಲ್ಲು ಪೋನಿಗೆ ಮುಖ್ಯ ಆಹಾರವಾಗಲಾರದು. ಅದರಲ್ಲಿ ಮರಳಿನಂಥ ಸಿಲಿಕಾ ಹೆಚ್ಚು, ಸಾರಜನಕದ ಅಂಶ ಬಹಳ ಕಡಿಮೆ. ನೀರು ಸರಿಯಾಗಿ ಕುಡಿಯದ, ಹಲ್ಲು ಸವೆದ ಪ್ರಾಣಿಯಲ್ಲಿ ಅದು ಕರುಳಿನಲ್ಲಿ ಗಂಟುಕಟ್ಟಿ ಹೊಟ್ಟೆನೋವು ತರುತ್ತದೆ. ಪೌಷ್ಟಿಕತೆ ಹೆಚ್ಚಲೆಂದು ಯೂರಿಯಾ ಹಾಕಿ ಸಂಸ್ಕರಿಸಿದ ಬೈಹುಲ್ಲು ದನಗಳಿಗಾಗಿ ಇರುವಂಥದ್ದು. ಅದನ್ನು ಪೋನಿಯ ಗೋದಲಿಗೆ ತರುವುದು ಬೇಡ.

ನೆಲಗಡಲೆಯ ಬಳ್ಳಿಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಕುಂದಾಪುರ, ಬೈಂದೂರು ಕಡೆಯ ಗದ್ದೆಗಳಲ್ಲಿ ಭತ್ತದ ನಂತರ ನೆಲಗಡಲೆ ಹಾಕುತ್ತಾರೆ. ಕಾಯಿ ಬಿಡಿಸಿಕೊಂಡ ಬಳ್ಳಿ ಎಲೆ ಉದುರದಂತೆ ಒಣಗಿದರೆ ಕರಾವಳಿಯಲ್ಲಿ ಪೋನಿಗೆ ಸಿಗುವ ಅತ್ಯುತ್ತಮ ಒಣಮೇವು ಅದೇ. ಕನ್ನಡದಲ್ಲಿ ಲೂಸರ್ನ್ ಸೊಪ್ಪಿಗೆ ಕುದುರೆ ಮಸಾಲೆ ಎಂಬ ಹೆಸರೇ ಇದ್ದರೂ, ಆ ಬೆಳೆಗೆ ನಮ್ಮ ಹುಳಿಮಣ್ಣೂ ನಿಂತ ನೀರೂ ಆಗದು. ಅದು ಮಾಡಬೇಕಾದ ಕೆಲಸವನ್ನು ಇಲ್ಲಿ ನೆಲಗಡಲೆ, ಉದ್ದು, ಅಲಸಂಡೆಯ ಬಳ್ಳಿಗಳು ಮಾಡುತ್ತವೆ. ತೊಡಕೆಂದರೆ ನೆಲಗಡಲೆಯನ್ನು ಬೇರುಸಹಿತ ಕೀಳುತ್ತಾರೆ, ಬೇರಿನಲ್ಲಿ ಹೊಯಿಗೆ ಇರುತ್ತದೆ. ಆ ಮರಳು ತಿಂಗಳುಗಟ್ಟಲೆ ದೊಡ್ಡ ಕರುಳಿನ ತಳದಲ್ಲಿ ಸಂಗ್ರಹವಾಗಿ ಒಂದು ದಿನ ಹೊಟ್ಟೆ ಹಿಡಿಸುತ್ತದೆ. ಬಳ್ಳಿಯನ್ನು ಮೂಟೆ ಕಟ್ಟುವ ಮೊದಲು ಬೇರಿನ ಕಡೆಯ ಒಂದು ಗೇಣನ್ನು ಕತ್ತಿಯಿಂದ ಕಡಿದುಹಾಕಿ, ಉಳಿದದ್ದನ್ನು ಕಲ್ಲಿಗೆ ಬಡಿದು ಕೊಡವಬೇಕು. ಮರಳು ಹೋಗುತ್ತಿದೆಯೇ ಎಂದು ತಿಳಿಯಲು ತಿಂಗಳಿಗೊಮ್ಮೆ ನೆಲಕ್ಕೆ ತಾಗದ ಐದಾರು ಲದ್ದಿಯುಂಡೆಗಳನ್ನು ಗಾಜಿನ ಭರಣಿಯ ನೀರಿನಲ್ಲಿ ಕಲಕಿ ಕಾಲು ಗಂಟೆ ಬಿಟ್ಟು ನೋಡಿ. ತಳದಲ್ಲಿ ಹೊಯಿಗೆಯ ಪದರ ಕಂಡರೆ ಪಶುವೈದ್ಯರಿಗೆ ತಿಳಿಸಬೇಕು.

ರಾಗಿ ಹುಲ್ಲು ಘಟ್ಟದ ಮೇಲಿನಿಂದ ಬರಬೇಕು. ಪೋಷಕಾಂಶದಲ್ಲಿ ಅದು ಬೈಹುಲ್ಲಿಗಿಂತ ಮೇಲು, ಆದರೆ ಕಾಂಗ್ರೆಸ್ ಕಳೆ ಬೆರೆತಿರುವುದುಂಟು, ಬಿಚ್ಚಿ ನೋಡಿ ಕೊಳ್ಳಬೇಕು. ಮಾರ್ಚ್ ಒಳಗೆ ಲಾರಿ ಇಳಿದಿರಲಿ. 2018ರ ಆಗಸ್ಟ್‌ನಲ್ಲಿ ಶಿರಾಡಿಯೂ ಸಂಪಾಜೆಯೂ ಭೂಕುಸಿತದಿಂದ ಮುಚ್ಚಿದ್ದವು, 2019ರ ಆಗಸ್ಟ್‌ನಲ್ಲಿ ಚಾರ್ಮಾಡಿಯ ಸರದಿಯಾಯಿತು. ಮಳೆ ಹಿಡಿದ ಮೇಲೆ ಘಟ್ಟದ ದಾರಿಯನ್ನು ನಂಬಿ ಮೇವಿನ ಲೆಕ್ಕ ಹಾಕುವವರು ಆಸ್ಪತ್ರೆಯ ಲೆಕ್ಕವನ್ನೂ ಹಾಕಿಕೊಳ್ಳಬೇಕಾಗುತ್ತದೆ.

ದನದ ಹಟ್ಟಿಯಿಂದ ಏನನ್ನು ಎರವಲು ತರಬಾರದು ಎಂಬುದೂ ಈ ಲೆಕ್ಕದ ಭಾಗವೇ. "ಎಂತ ಮಾರಾಯ್ರೆ, ದನಕ್ಕೆ ಆಗುವ ಫೀಡು ಕುದುರೆಗೆ ಆಗುದಿಲ್ವಾ?" ಎಂದು ನೆರೆಯವರೊಬ್ಬರು ನನ್ನನ್ನು ಕೇಳಿದ್ದರು. ಆಗುವುದಿಲ್ಲ. ಕೆಲವು ದನದ ಮತ್ತು ಕೋಳಿಯ ಆಹಾರಗಳಲ್ಲಿ ಬೆರೆಸುವ ಮೊನೆನ್ಸಿನ್ ಎಂಬ ಔಷಧ ದನಕ್ಕೆ ಉಪಕಾರಿಯಾದರೂ ಕುದುರೆಯ ಹೃದಯಕ್ಕೆ ಅಲ್ಪ ಪ್ರಮಾಣದಲ್ಲಿಯೇ ಮಾರಕ. ಹಾಲಿನ ದನಗಳಿಗೆಂದು ಮಾರುವ ಚೀಲದ ರಸಮೇವಿನಲ್ಲಿ, ಅಂದರೆ ಸೈಲೇಜಿನಲ್ಲಿ, ಸ್ವಲ್ಪ ಗಾಳಿಯಾಡಿ ಕೆಟ್ಟರೂ ಬಾಟುಲಿಸಂ ವಿಷದ ಭಯವಿದೆ, ಕುದುರೆಗಳು ಅದಕ್ಕೆ ಬಹಳ ಬೇಗ ಬಲಿಯಾಗುತ್ತವೆ. ಹಸಿ ಮೇವಿನ ಜೋಳ ಮತ್ತು ಸುಡಾನ್ ಹುಲ್ಲು ಕುದುರೆಗಳಲ್ಲಿ ಮೂತ್ರಕೋಶವನ್ನೂ ಹಿಂಗಾಲಿನ ಸ್ವಾಧೀನವನ್ನೂ ಕೆಡಿಸುತ್ತವೆ. ಸುಬಾಬುಲ್ ಸೊಪ್ಪು ತಿಂದ ಕುದುರೆಯ ಕೇಸರ ಮತ್ತು ಬಾಲದ ಕೂದಲು ಉದುರುತ್ತದೆ.

ತೌಡು ಮತ್ತು ನೇಪಿಯರ್ ಹುಲ್ಲಿನ ವಿಷಯ ಇದಕ್ಕಿಂತ ಸೂಕ್ಷ್ಮವಾದದ್ದು, ಏಕೆಂದರೆ ಇವೆರಡರ ಕೇಡು ಕೂಡಲೇ ಕಾಣುವುದಿಲ್ಲ. ತೌಡಿನಲ್ಲಿ ರಂಜಕ ಅತಿಯಾಗಿದ್ದು ಸುಣ್ಣದಂಶ ತೀರ ಕಡಿಮೆ. ನೇಪಿಯರ್, ಗಿನಿ, ಪ್ಯಾರಾ ಮುಂತಾದ ಉಷ್ಣವಲಯದ ಹುಲ್ಲುಗಳಲ್ಲಿರುವ ಆಕ್ಸಲೇಟ್ ಇರುವ ಸುಣ್ಣದಂಶವನ್ನೂ ಹಿಡಿದಿಟ್ಟುಕೊಳ್ಳುತ್ತದೆ. ತಿಂಗಳುಗಟ್ಟಲೆ ಇವುಗಳ ಮೇಲೆಯೇ ಬದುಕಿದ ಕುದುರೆ ತನ್ನ ಎಲುಬಿನಿಂದಲೇ ಸುಣ್ಣ ತೆಗೆದುಕೊಳ್ಳಬೇಕಾಗಿ ಬಂದು, ಕುಂಟುತ್ತದೆ, ಕೊನೆಗೆ ಮುಖದ ಎಲುಬು ಎರಡೂ ಬದಿಗೆ ಊದಿಕೊಳ್ಳುತ್ತದೆ. ಆದ್ದರಿಂದ ಹಸಿಹುಲ್ಲು ಪೂರ್ತಿ ನೇಪಿಯರ್ ಆಗಿರಬಾರದು, ಅದರ ಜೊತೆ ಬಳ್ಳಿಮೇವು ದಿನವೂ ಇರಲೇಬೇಕು, ಮೇವಿಗೆಂದೇ ಮಾರುವ ಸುಣ್ಣಕಲ್ಲಿನ ಪುಡಿಯನ್ನು ಎಷ್ಟು ಬೆರೆಸಬೇಕೆಂದು ವೈದ್ಯರಿಂದ ಬರೆಸಿಕೊಳ್ಳಬೇಕು. ಎಲೆಯಡಿಕೆಯ ಸುಣ್ಣ ಆ ಕೆಲಸಕ್ಕೆ ಬರುವುದಿಲ್ಲ. ಅದು ಬಾಯಿ ಸುಡುತ್ತದೆ.

ಒಣಗಿದ್ದು ಒಣಗಿಯೇ ಇರಬೇಕು

ಮೊದಲ ವರ್ಷ ನಾನು ಮಾಡಿದ ತಪ್ಪನ್ನು ಹೇಳಿದರೆ ಈ ಭಾಗದ ಅರ್ಧ ಹೇಳಿದಂತೆ. ಏಳು ಕ್ವಿಂಟಲ್ ಒಳ್ಳೆಯ ಹುಲ್ಲನ್ನು ಶೆಡ್ಡಿನ ಸಿಮೆಂಟು ನೆಲದ ಮೇಲೆ ನೇರವಾಗಿ ಪೇರಿಸಿ, ಗೋಡೆಗೆ ಒತ್ತರಿಸಿ, ಮೇಲಿಂದ ನೀಲಿ ಟರ್ಪಾಲು ಹೊದಿಸಿ ಬಿಗಿಯಾಗಿ ಕಟ್ಟಿದ್ದೆ. ಒಂದು ಹನಿ ನೀರೂ ಒಳಗೆ ಹೋಗಿರಲಿಲ್ಲ. ಆಟಿಯ ಎರಡನೆಯ ವಾರ ಟರ್ಪಾಲು ಎತ್ತಿದಾಗ ಅದರ ಒಳಮೈಯಲ್ಲಿ ಬೆವರು ಸಾಲುಗಟ್ಟಿ ನಿಂತಿತ್ತು. ತಳದ ಎರಡು ವರಸೆ ಹಿಡಿದರೆ ಹಿಡಿಯಷ್ಟೂ ಒಟ್ಟಿಗೆ ಬರುವಂತೆ ಅಂಟಿಕೊಂಡಿದ್ದವು, ಬಿಡಿಸಿದಾಗ ಹಿಟ್ಟಿನಂಥ ಬಿಳಿ ಧೂಳು ಎದ್ದಿತು. ಅದಕ್ಕೆ ಒಂದು ವಾರ ಮೊದಲಿಂದಲೇ ಸಣ್ಣ ಪೋನಿ ಬೆಳಗ್ಗೆ ಮೇವು ಹಾಕಿದೊಡನೆ ಕೆಮ್ಮಲು ತೊಡಗಿತ್ತು, ನಾನು ಮಳೆಯ ಥಂಡಿ ಎಂದುಕೊಂಡಿದ್ದೆ.

ನೀರು ಹೊರಗಿನಿಂದ ಬರಬೇಕಾಗಿಯೇ ಇಲ್ಲ ಎಂಬುದು ಆಗ ತಿಳಿಯಿತು. ಹುಲ್ಲನ್ನು ಕೂಡಿಡುವಾಗ ಅದರ ತೇವ ನೂರಕ್ಕೆ 15ರ ಒಳಗಿರಬೇಕು; 20 ದಾಟಿದರೆ ಬೂಸ್ಟು ಖಂಡಿತ, ರಾಶಿ ದೊಡ್ಡದಾಗಿದ್ದರೆ ಒಳಗೆ ಕಾವು ಏರಿ ತಾನಾಗಿ ಬೆಂಕಿ ಹಿಡಿಯುವುದೂ ಉಂಟು. ಒಣಗಿದ ಹುಲ್ಲು ಕೂಡ ವಾರಗಟ್ಟಲೆ ಹಸಿಗಾಳಿಯಲ್ಲಿ ನಿಂತರೆ ಗಾಳಿಯಿಂದಲೇ ತೇವ ಹೀರಿ ಮತ್ತೆ ಆ ಗಡಿ ದಾಟುತ್ತದೆ. ಕೂಡಿಡುವ ದಿನದ ಪರೀಕ್ಷೆಗಳು ಸುಲಭ. ಒಂದು ಹಿಡಿ ಹುಲ್ಲನ್ನು ಎರಡೂ ಕೈಯಿಂದ ಹಿಂಡಿದಂತೆ ತಿರುಚಿದರೆ ಪಟಪಟನೆ ಮುರಿಯಬೇಕು, ಚರ್ಮದಂತೆ ಬಾಗಿದರೆ ಇನ್ನೊಂದು ಬಿಸಿಲು ಬೇಕು. ಕಾಂಡದ ಗಿಣ್ಣಿನ ಹತ್ತಿರ ಉಗುರಿನಿಂದ ಕೆರೆದರೆ ಸಿಪ್ಪೆ ಏಳಬಾರದು. ಎಲೆ ಒಣಗಿ ಗಿಣ್ಣು ಹಸಿಯಿರುವುದೇ ಹೆಚ್ಚಿನವರನ್ನು ಮೋಸಗೊಳಿಸುವುದು. ಸಂಶಯವಿದ್ದರೆ ಸಣ್ಣಗೆ ಕತ್ತರಿಸಿದ ಹುಲ್ಲನ್ನು ಒಣ ಗಾಜಿನ ಬಾಟಲಿಯ ಮುಕ್ಕಾಲಿಗೆ ತುಂಬಿ, ಒಂದು ಚಮಚ ಪುಡಿಯುಪ್ಪು ಹಾಕಿ, ಮುಚ್ಚಿ, ಎರಡು ನಿಮಿಷ ಕುಲುಕಿ. ಉಪ್ಪು ಉದುರುದುರಾಗಿ ಉಳಿದರೆ ಕೂಡಿಡಬಹುದು, ಗಂಟುಕಟ್ಟಿದರೆ ಅಥವಾ ಗಾಜಿಗೆ ಅಂಟಿದರೆ ಕೂಡಿಡಬಾರದು. ನಮ್ಮ ಊರಿನಲ್ಲಿ ಉಪ್ಪೇ ಹಸಿಯಾಗಿರುತ್ತದಾದ್ದರಿಂದ ಅದನ್ನು ಮೊದಲು ಬಾಣಲೆಯಲ್ಲಿ ಹುರಿದು ಆರಿಸಿಕೊಳ್ಳಬೇಕು.

ಒಣಗಿಸುವಾಗ ಗರಿಕೆಯಂಥ ಹುಲ್ಲನ್ನು ಅಂಗಳದಲ್ಲಿ ತೆಳ್ಳಗೆ ಹರಡಿ ದಿನಕ್ಕೆ ಮೂರು ಬಾರಿ ಮಗುಚಬಹುದು. ಬಳ್ಳಿಮೇವನ್ನು ಮಾತ್ರ ನಡುಮಧ್ಯಾಹ್ನ ಮುಟ್ಟಬಾರದು. ಸತ್ವವೆಲ್ಲ ಇರುವ ಎಲೆ ಆಗ ಪುಡಿಯಾಗಿ ಉದುರುತ್ತದೆ, ಇಬ್ಬನಿ ಪೂರ್ತಿ ಆರದ ಬೆಳಗ್ಗೆ ಮಗುಚಿದರೆ ನಿಲ್ಲುತ್ತದೆ.

ಕೂಡಿಡುವ ಜಾಗಕ್ಕೆ 8 ಅಡಿ ಅಗಲ 10 ಅಡಿ ಉದ್ದದ ಕೋಣೆ ಒಂದು ಪೋನಿಗೆ ಸಾಕು. ಕಟ್ಟಿದ ಹುಲ್ಲು ಎದೆಯೆತ್ತರಕ್ಕೆ ಪೇರಿಸಿದರೂ ಓಡಾಡಲು ಜಾಗ ಉಳಿಯುತ್ತದೆ. ನೆಲದಿಂದ ಒಂದು ಅಡಿ ಎತ್ತರಕ್ಕೆ ಕೆಂಪುಕಲ್ಲು ಇಟ್ಟು, ಅದರ ಮೇಲೆ ಅಡಿಕೆಮರದ ಸಲಾಕೆಗಳನ್ನು ನಾಲ್ಕು ಬೆರಳಿನ ಸಂದಿಗೆ ಒಂದರಂತೆ ಹಾಸಿ. ಗೋಡೆಗೂ ರಾಶಿಗೂ ನಡುವೆ ಒಂದು ಗೇಣು ಬಿಡಿ, ಪಡುವಣ ಗೋಡೆಯಾದರೆ ಎರಡು ಗೇಣು, ಏಕೆಂದರೆ ಕಡಲಿನ ಕಡೆಯಿಂದ ಬೀಸುವ ಮಳೆ ಆ ಗೋಡೆಯನ್ನು ನಾಲ್ಕು ತಿಂಗಳೂ ಒದ್ದೆಯಾಗಿಡುತ್ತದೆ. ತಗಡಿನ ಮಾಡಾದರೆ ಅದರ ಒಳಮೈಯಿಂದ ಬೆವರು ತೊಟ್ಟಿಕ್ಕುವುದನ್ನು ತಡೆಯಲು ತೆಂಗಿನ ಮಡಲಿನ ತಟ್ಟಿ ಕಟ್ಟುವುದು ಹಳೆಯ ಉಪಾಯ, ಚೆನ್ನಾಗಿಯೇ ನಡೆಯುತ್ತದೆ. ಟರ್ಪಾಲು ಬೇಕೇ ಬೇಕೆಂದರೆ ರಾಶಿಯ ಮೇಲೆ ಹೊದಿಸದೆ ಒಂದಡಿ ಮೇಲೆ ಚಪ್ಪರದಂತೆ ಕಟ್ಟಿ. ಹೊರಗೆ ಹೊಳವಾಗಿರುವ ಮಧ್ಯಾಹ್ನ ಬಾಗಿಲು ಕಿಟಕಿ ತೆರೆದು, ಮಳೆಯ ದಿನ ಮುಚ್ಚಿಡಬೇಕು. ಗಾಳಿಯಾಡಲಿ ಎಂದು ಹಗಲಿರುಳು ತೆರೆದಿಡುವುದು ಹಸಿಗಾಳಿಯನ್ನು ಊಟಕ್ಕೆ ಕರೆದಂತೆ.

ಅಡಿಕೆ ಒಣಗಿಸುವ ಪಾಲಿಹೌಸ್ ಇರುವ ಮನೆಯವರಿಗೆ ಒಂದು ಅನುಕೂಲವಿದೆ. ಮಳೆಗಾಲದಲ್ಲಿ ಅದು ಖಾಲಿಯಿರುತ್ತದೆ. ಮೋಡದ ನಡುವೆ ಎರಡು ಗಂಟೆ ಬೆಳಕು ಬಂದರೂ ಒಳಗೆ ಕಾವು ಏರುತ್ತದೆ. ಮುಂದಿನ ಮೂರು ದಿನಕ್ಕೆ ಬೇಕಾದ ಹುಲ್ಲನ್ನು ಅಲ್ಲಿ ಹರಡಿ ಮತ್ತೆ ಗರಿಗರಿ ಮಾಡಿಕೊಳ್ಳಬಹುದು. ಆದರೆ ಬೂಸ್ಟು ಹಿಡಿದದ್ದನ್ನು ಹೀಗೆ ಒಣಗಿಸಿದರೂ, ನೀರಲ್ಲಿ ನೆನೆಸಿದರೂ ಅದರ ವಿಷ ಹೋಗುವುದಿಲ್ಲ. ಅದು ತೆಂಗಿನ ಬುಡಕ್ಕೆ ಹೋಗಬೇಕಾದದ್ದು. ಒಳ್ಳೆಯ ಹುಲ್ಲಿನ ಬರಿಯ ಧೂಳು ಅಡಗಿಸಲು ಹತ್ತು ನಿಮಿಷ ನೆನೆಸಬಹುದು, ನೆನೆಸಿದ್ದನ್ನು ನಮ್ಮ ಸೆಕೆಯಲ್ಲಿ ಎರಡು ಮೂರು ಗಂಟೆಯೊಳಗೆ ತಿನ್ನಿಸಿ ಮುಗಿಸಬೇಕು.

ಹುಲ್ಲು ಇರುವಲ್ಲಿ ಇಲಿ ಬರುತ್ತದೆ, ಇಲಿಯ ಮೂತ್ರದಿಂದ ಇಲಿಜ್ವರ ಬರುತ್ತದೆ. ಮಳೆಗಾಲದಲ್ಲಿ ನಮ್ಮ ಜಿಲ್ಲೆಗಳ ಮನುಷ್ಯರನ್ನು ಕಾಡುವ ಅದೇ ರೋಗಾಣು ಕುದುರೆಗಳ ಕಣ್ಣಿನಲ್ಲಿ ಮರಳಿಮರಳಿ ಉರಿಯೂತ ತಂದು ಕುರುಡಾಗಿಸಬಲ್ಲದು. ಹಿಂಡಿ, ಹುರುಳಿಗಳನ್ನು ಹುಲ್ಲಿನ ಕೋಣೆಯಲ್ಲಿಡದೆ ಮುಚ್ಚಳದ ಡ್ರಮ್ಮಿನಲ್ಲಿ ಬೇರೆಡೆ ಇಟ್ಟರೆ ಇಲಿಗಳು ಅರ್ಧ ಕಡಿಮೆಯಾಗುತ್ತವೆ. ಇಲಿಯ ಹಿಂದೆ ನಾಗರ ಬರುವುದೂ ಇದೆ, ಹಾಗಾಗಿ ನಸುಕಿನಲ್ಲಿ ಹುಲ್ಲು ಸೆಳೆಯುವ ಮೊದಲು ಕೋಲಿನಿಂದ ತಟ್ಟಿ, ಟಾರ್ಚು ಹಾಕಿ ನೋಡುವುದು ಒಳ್ಳೆಯ ಅಭ್ಯಾಸ.

ಮಳೆ ಹಿಡಿದ ಮೇಲೆ

ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ, ಕೋಲ ನೇಮಗಳು ನಿಲ್ಲುವ ಪತ್ತನಾಜೆ ಮೇ 24–25ರ ಹೊತ್ತಿಗೆ ಬರುತ್ತದೆ. ಮೇವೂ ಅಷ್ಟರೊಳಗೆ ಒಳಗೆ ಸೇರಿರಬೇಕೆಂಬುದು ಹೊರಗಡಿ; ನಾನು ಮೇ 10ನ್ನೇ ಗಡಿಯಾಗಿ ಇಟ್ಟುಕೊಂಡಿದ್ದೇನೆ. 2021ರಲ್ಲಿ ತೌಕ್ತೆ ಚಂಡಮಾರುತ ಮೇ ತಿಂಗಳ ನಡುವಿನಲ್ಲಿಯೇ ನಮ್ಮ ಕರಾವಳಿಯನ್ನು ತೋಯಿಸಿ ಹೋಯಿತು; 2025ರಲ್ಲಿ ಜೂನ್ 1ಕ್ಕೆ ಕೇರಳ ಮುಟ್ಟಬೇಕಾದ ಮುಂಗಾರು ಮೇ 24ಕ್ಕೇ ಮುಟ್ಟಿತು.

ಮೊದಲ ಮಳೆಗೆ ಚಿಗುರಿದ ಹುಲ್ಲನ್ನು ಕಂಡು ಪೋನಿಯನ್ನು ಒಮ್ಮೆಲೇ ಮೇಯಲು ಬಿಡಬಾರದು. ಪೋನಿಗಳು ಸ್ವಭಾವತಃ ಕಡಿಮೆ ತಿಂದು ಬದುಕುವ ಜಾತಿ; ಹಠಾತ್ತಾಗಿ ಸಿಕ್ಕ ಎಳೆಹುಲ್ಲಿನಿಂದ ಗೊರಸಿನ ಒಳಗೆ ಉರಿಯೂತವಾಗಿ ನಡೆಯಲಾರದೆ ನಿಲ್ಲುತ್ತವೆ. ಹಸಿಮೇವನ್ನು ಮೊದಲ ದಿನ ಒಂದು ಕಿಲೋದಿಂದ ತೊಡಗಿ ಹತ್ತು ಹನ್ನೆರಡು ದಿನಗಳಲ್ಲಿ 7 ಕಿಲೋಗೆ ಏರಿಸಬೇಕು, ಮತ್ತು ಪ್ರತಿ ಬಾರಿಯೂ ಒಣಹುಲ್ಲು ಮೊದಲು, ಹಸಿ ಆಮೇಲೆ. ಕೊಯ್ದ ಹಸಿಹುಲ್ಲನ್ನು ಬುಟ್ಟಿಯಲ್ಲಿ ಒತ್ತಿ ಇಟ್ಟರೆ ಒಂದೆರಡು ಗಂಟೆಯಲ್ಲಿ ಬಿಸಿಯೇರುತ್ತದೆ. ಜಗಲಿಯಲ್ಲಿ ಹರಡಿ ನೀರಿಳಿಸಿ ಹಾಕಬೇಕು. ಜೂನ್‌ನಿಂದ ಆಗಸ್ಟ್‌ವರೆಗೆ ಅಡಿಕೆ ತೋಟಗಳಲ್ಲಿ ಕೊಳೆರೋಗಕ್ಕೆ ಮದ್ದು ಬಿಡುತ್ತಾರೆ. ಬೋರ್ಡೋ ದ್ರಾವಣ ಬಿದ್ದು ನೀಲಿಯಾದ ಹುಲ್ಲನ್ನು ಎಷ್ಟೇ ಹುಲುಸಾಗಿದ್ದರೂ ಕೊಯ್ಯಬೇಡಿ, ತೋಟದವರನ್ನು ಕೇಳಿಯೇ ಕತ್ತಿ ಹಾಕಿ.

ದಿನದ ಒಣಹುಲ್ಲನ್ನು ಒಂದೇ ಸಲ ಸುರಿಯದೆ ನಾಲ್ಕು ಪಾಲು ಮಾಡಿ, ದೊಡ್ಡ ಪಾಲನ್ನು ರಾತ್ರಿಗೆ ಇಡಬೇಕು. ಸಣ್ಣ ಕಣ್ಣಿನ ಬಲೆಯಲ್ಲಿ ತುಂಬಿ ಕಟ್ಟಿದರೆ ತಿನ್ನುವುದು ನಿಧಾನವಾಗುತ್ತದೆ, ತುಳಿದು ಹಾಳಾಗುವುದೂ ಕಡಿಮೆ. ಮಲ್ಪೆಯ ಬಂದರಿನ ಹಳೆಯ ಮೀನುಬಲೆಯ ತುಂಡು ಇದಕ್ಕೆ ಒದಗುತ್ತದೆ, ಸಿಹಿನೀರಿನಲ್ಲಿ ಮೂರು ಬಾರಿ ತೊಳೆದು ಮೀನಿನ ವಾಸನೆ ಹೋಗಿಸಿದ ಮೇಲೆ. ಕಾಲು ಸಿಕ್ಕಿಕೊಳ್ಳದಷ್ಟು ಎತ್ತರಕ್ಕೆ ಕಟ್ಟಬೇಕು. ಕಲ್ಲುಪ್ಪು, ಶುದ್ಧ ನೀರು ಸದಾ ಇರಲಿ. ಮಳೆಯಲ್ಲಿ ಬಾಯಾರಿಕೆಯಿಲ್ಲವೆಂದು ಬಕೆಟು ಬದಲಾಯಿಸದಿರುವುದೇ ಬೈಹುಲ್ಲು ಕರುಳಿನಲ್ಲಿ ಗಂಟಾಗಲು ದೊಡ್ಡ ಕಾರಣ.

ಉಳಿದದ್ದು ದಾಸ್ತಾನಿನ ಮೇಲಿನ ಕಣ್ಣು. ಕೋಣೆಯ ಗೋಡೆಯ ಮೇಲೆ ಇದ್ದಿಲಿನಿಂದ ಗೆರೆ ಹಾಕಿ ಬರೆದಿಟ್ಟಿದ್ದೇನೆ: ಜುಲೈ 17ರ ಸುಮಾರಿಗೆ ಆಟಿ ಹುಟ್ಟುವಾಗ ನೂರಕ್ಕೆ 65 ಪಾಲು ಉಳಿದಿರಬೇಕು, ಆಗಸ್ಟ್ 17ಕ್ಕೆ ಸೋಣ ಹುಟ್ಟುವಾಗ 44 ಪಾಲು. ಆಟಿಯಲ್ಲಿಯೇ ಕೊರತೆ ಕಂಡರೆ ಹಸಿಯನ್ನು ಸ್ವಲ್ಪ ಹೆಚ್ಚಿಸಿ ಸರಿದೂಗಿಸಲು ಸಮಯವಿರುತ್ತದೆ, ಸೋಣದಲ್ಲಿ ಕಂಡರೆ ಸಿಕ್ಕಿದ ಬೆಲೆಗೆ ಸಿಕ್ಕಿದ್ದನ್ನು ತರಬೇಕಾಗುತ್ತದೆ. ವಾರಕ್ಕೊಮ್ಮೆ ರಾಶಿಯ ನಡುವಿಗೆ ಕಬ್ಬಿಣದ ಸರಳು ತೂರಿಸಿ ಕಾಲು ಗಂಟೆ ಬಿಟ್ಟು ಎಳೆದು ಹಿಡಿದು ನೋಡಿ. ತಣ್ಣಗಿದ್ದರೆ ಸರಿ, ಬೆಚ್ಚಗಿದ್ದರೆ ಆ ಭಾಗವನ್ನು ಬಿಚ್ಚಿ ಹರಡಿ, ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿಯಾಗಿದ್ದರೆ ಒಬ್ಬರೇ ರಾಶಿ ಕೆದಕಲು ಹೋಗದೆ ನೀರೂ ಜನರೂ ಸಿದ್ಧವಾದ ಮೇಲೆ ಮುಟ್ಟಿ.

ದೀಪಾವಳಿ ಕಳೆದ ಮೇಲೆ ಉಳಿದದ್ದನ್ನು ಮುಂದಿನ ವರ್ಷಕ್ಕೆ ಇಡುವ ಆಸೆ ಬೇಡ. ಒಂದು ಮಳೆಗಾಲ ಕಂಡ ಹುಲ್ಲು ಇನ್ನೊಂದನ್ನು ತಡೆಯಲಾರದು. ಅದನ್ನು ತೂಗಿ, ತೂಕವನ್ನು ಅದೇ ಗೋಡೆಯ ಮೇಲೆ ಬರೆದು, ಹಟ್ಟಿಯ ಹಾಸಿಗೆಗೆ ಹಾಕಿ. ಸಲಾಕೆಗಳನ್ನು ಅಂಗಳದ ಬಿಸಿಲಿಗೆ ಒರಗಿಸಿ, ಕೋಣೆಯನ್ನು ಗುಡಿಸಿ ಸುಣ್ಣ ಬಳಿಯಿರಿ, ಏಕೆಂದರೆ ಹುಣಿಯ ಮೇಲಿನ ಗರಿಕೆ ಆಗಲೇ ಕೊಯ್ಲಿಗೆ ಬಂದಿರುತ್ತದೆ.